ಸಹಾಯ ಬೇಕು: ಕೀಮೋ ಆದ ಮಗುವಿಗೆ ಮೆದುಳಿನ ಎಂಆರ್‌ಐ

ಎಲ್ಲರಿಗೂ ನಮಸ್ಕಾರ. ನಾವಿರುವುದು ಬನಶಂಕರಿಯಲ್ಲಿ. ಮಗಳಿಗೆ 8 ವರ್ಷ, ರಕ್ತದ ಕ್ಯಾನ್ಸರ್ (ಎಎಲ್‌ಎಲ್) ಆಗಿತ್ತು. ಕೀಮೋ ಮುಗಿದು 7 ತಿಂಗಳಾಯಿತು. ರಕ್ತದ ರಿಪೋರ್ಟ್ ಚೆನ್ನಾಗಿದೆ, ದೇವರ ದಯೆ.

ಆದರೆ ಪಟಪಟ ಅಂತ ಮಗ್ಗಿ ಹೇಳುತ್ತಿದ್ದವಳು ಈಗ ಏಳರ ಮಗ್ಗಿಯ ಮಧ್ಯದಲ್ಲೇ ನಿಂತುಬಿಡುತ್ತಾಳೆ. ಬೋರ್ಡ್ ನೋಡಿ ಬರೆಯುವುದೂ ತುಂಬ ನಿಧಾನ. ಟೀಚರ್ ಸೋಮಾರಿತನ ಅಂದರು. ಖಂಡಿತ ಅಲ್ಲ. ಅವಳು ಎಷ್ಟು ಕಷ್ಟಪಡುತ್ತಾಳೆ ಅಂತ ದಿನಾ ನೋಡುತ್ತಿದ್ದೇನೆ.

ಬೆನ್ನಿಗೆ ಸೂಜಿ ಹಾಕಿ ಕೊಡುವ ಮೆಥೋಟ್ರೆಕ್ಸೇಟ್ ಅನ್ನುವ ಕೀಮೋ ಔಷಧಿಯಿಂದ ಕೆಲವು ಮಕ್ಕಳಿಗೆ ಮೆದುಳಿನ ಬಿಳಿ ಭಾಗದಲ್ಲಿ ಬದಲಾವಣೆ ಆಗುತ್ತದಂತೆ. ಅದು ಎಂಆರ್‌ಐಯಲ್ಲಿ ಕಾಣಬಹುದು ಅಂದರು ಡಾಕ್ಟರ್. ಕಾಯಿಲೆ ಮೆದುಳಿಗೆ ಹಬ್ಬದಿರಲಿ ಅಂತ ಕೊಟ್ಟ ಔಷಧಿ ಅದು, ಆ ಬಗ್ಗೆ ನನಗೆ ಬೇಸರವಿಲ್ಲ. ಸ್ಕ್ಯಾನ್ ಸರಿಯಿದ್ದರೂ ಕಲಿಕೆಗೆ ತೊಂದರೆ ಇರಬಹುದು, ಹಾಗಾಗಿ ನೆನಪು, ಗಮನದ ಪರೀಕ್ಷೆಯನ್ನೂ ಮಾಡಿಸಿ ಅಂದಿದ್ದಾರೆ.

ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಇವನ್ನು ಮಾಡಿಸಿದವರು ಇದ್ದೀರಾ? ಮೊದಲು ಯಾವ ಓಪಿಡಿಗೆ ಹೋಗಬೇಕು? ಎಷ್ಟು ದಿನ ಕಾಯಬೇಕಾಯಿತು? ಎಂಆರ್‌ಐಯಲ್ಲಿ ರೇಡಿಯೇಷನ್ ಇಲ್ಲ, ಆ ಭಯ ಇಲ್ಲ. ಆದರೆ ಮೆಷಿನ್ ಸದ್ದಿಗೆ ಹೆದರುತ್ತಾಳೆ. ನಿದ್ದೆ ಔಷಧಿ ಕೊಡದೆ ಸ್ಕ್ಯಾನ್‌ಗೆ ಮಲಗಿಸಿದ ಅಪ್ಪ ಅಮ್ಮಂದಿರು ಹೇಗೆ ಒಪ್ಪಿಸಿದಿರಿ, ದಯವಿಟ್ಟು ತಿಳಿಸಿ.