ಸಂಸ್ಥೆಯ ಹೆಸರೇ ಜನಕ್ಕೆ ಅರ್ಥ ಆಗ್ತಿಲ್ಲ, ಬದಲಾಯಿಸೋದಾ?

ಅಳಿವೆ_ದಂಡೆ (ಕುಮಟಾ):
ನಮ್ಮದು ಅಘನಾಶಿನಿ ಅಳಿವೆ (ಹೊಳೆ ಸಮುದ್ರ ಸೇರೋ ಜಾಗ) ಭಾಗದ ನೋಂದಾಯಿತ ಸಂಸ್ಥೆ. ಬಳಚು (ಚಿಪ್ಪುಮೀನು) ತೆಗೆಯುವವರು, ಗಜನಿ (ಉಪ್ಪುನೀರು ನುಗ್ಗೋ ತಗ್ಗು ಗದ್ದೆ) ರೈತರು, ಸಣ್ಣ ದೋಣಿಯವರ ಪರವಾಗಿ ಅಹವಾಲು, ಆಕ್ಷೇಪಣೆ ಸಲ್ಲಿಸೋದೇ ಮುಖ್ಯ ಕೆಲಸ. ಹೆಸರಲ್ಲಿ 'ಸುಸ್ಥಿರ', 'ಸಂವರ್ಧನಾ', 'ಸಂಘ' ಎಲ್ಲ ಸೇರಿ ಆರು ಪದ. ಮನೆಮನೆಗೆ ಹೋದರೆ ಕೆಲವರು ಸಾಲ ಎಷ್ಟು ಕೊಡ್ತೀರಿ ಅಂತಾರೆ, ಕೆಲವರು ಯಾವ ಇಲಾಖೆ ಅಂತಾರೆ. ಹೆಸರು ಬದಲಾಯಿಸಲು ಏನೇನು ಮಾಡಬೇಕು? ಹೊಸ ಹೆಸರು ಆರಿಸೋದು ಹೇಗೆ?

ಲೆಕ್ಕಪತ್ರ (ಶಿರಸಿ):
ಕಾಗದದ ಕೆಲಸ ಮೊದಲು ಹೇಳ್ತೇನೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಣಿ ಆಗಿದ್ದರೆ ಹೆಸರು ಇರೋದು ಮೆಮೊರಾಂಡಂನಲ್ಲಿ, ಅಂದರೆ ಸಂಸ್ಥೆಯ ಮೂಲ ದಾಖಲೆಯಲ್ಲಿ. ಹಾಗಾಗಿ ಕಾರ್ಯಕಾರಿ ಸಮಿತಿಯ ಠರಾವು ಸಾಲದು, ಸದಸ್ಯರ ವಿಶೇಷ ಸಭೆ ಕರೀಬೇಕು. ನೋಟಿಸಿನಲ್ಲೇ ಹಳೆ ಹೆಸರು, ಹೊಸ ಹೆಸರು ಎರಡೂ ಬರೀರಿ. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ' ಅಂತ ಕೊನೆಗೆ ತುರುಕಬೇಡಿ, ಒಬ್ಬ ಸದಸ್ಯ ತಕರಾರು ತೆಗೆದರೂ ಠರಾವು ಬಿದ್ದುಹೋಗಬಹುದು. ಕೋರಂ ಮತ್ತು ಬಹುಮತಕ್ಕೆ ಬೈಲಾ, ಕಾಯ್ದೆ ಎರಡನ್ನೂ ನೋಡಿ. ಹಾಜರಿ ಸಹಿ, ನಡಾವಳಿ ಪ್ರತಿ, ತಿದ್ದಿದ ಮೆಮೊರಾಂಡಂ ಸಮೇತ ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ. ಹಿಂದಿನ ವರ್ಷಗಳ ಪದಾಧಿಕಾರಿಗಳ ಪಟ್ಟಿ, ಆಡಿಟ್ ವರದಿ ಸಲ್ಲಿಸೋದು ಬಾಕಿ ಇದ್ದರೆ ಅರ್ಜಿ ಅಲ್ಲೇ ಕೂರ್ತದೆ. ಮೊದಲು ಅದನ್ನ ಮುಗಿಸಿ.

ಪ್ರಮಾಣಪತ್ರ ಬಂದ ಮೇಲೆ ಮೊದಲು ಪ್ಯಾನ್, ಆಮೇಲೆ ಬ್ಯಾಂಕು. ತಿರುವು ಮುರುವು ಮಾಡಿದರೆ ಬ್ಯಾಂಕಿನವರು ಹೊಸ ಹೆಸರಿನ ಪ್ಯಾನ್ ತನ್ನಿ ಅಂತ ವಾಪಸ್ ಕಳಿಸ್ತಾರೆ. ನಂತರ 12ಎ, 80ಜಿ ಅಂತ ಕರೆಯೋ ತೆರಿಗೆ ವಿನಾಯಿತಿ ನೋಂದಣಿಗಳು, ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್). ವಿದೇಶಿ ದೇಣಿಗೆ ನೋಂದಣಿ ಇದ್ದರೆ ಎಫ್‌ಸಿ-6ಎ ನಮೂನೆ ಬೇರೆ. ಇದೇ ಸಭೆಯಲ್ಲಿ 'ಉದ್ದೇಶ'ಗಳನ್ನೂ ತಿದ್ದೋಣ ಅಂತ ಯಾರಾದರೂ ಹೇಳ್ತಾರೆ, ಒಪ್ಪಬೇಡಿ. ಉದ್ದೇಶ ಬದಲಾದರೆ ತೆರಿಗೆ ವಿನಾಯಿತಿ ನೋಂದಣಿಗೇ ಮತ್ತೆ ಅರ್ಜಿ ಹಾಕೋ ಪ್ರಸಂಗ ಬರಬಹುದು. ಸರ್ಕಾರದ ಸಂಸ್ಥೆ ಅಂತ ಭಾವನೆ ಬರಿಸುವ ಹೆಸರಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ಅಡ್ಡಿ ಇದೆ.

ಕಾಳಿ_ತೀರ (ಕಾರವಾರ):
ನಮ್ಮ ಕಡೆ 'ಸಂಘ' ಅಂದರೆ ವಾರದ ಉಳಿತಾಯದ ಸಂಘ. ಶಿರಸಿಯಲ್ಲಿ 'ಸೊಸೈಟಿ' ಅಂದರೆ ಅಡಿಕೆ ವ್ಯಾಪಾರ. 'ರಕ್ಷಣಾ ವೇದಿಕೆ' ಅಂದರೆ ಕನ್ನಡಪರ ಹೋರಾಟ. ಸಾಲದ ಪ್ರಶ್ನೆ ಬಂದದ್ದು ಜನರ ತಪ್ಪಲ್ಲ. ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿ (ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿತು ಅಂತ ಅದನ್ನೂ ಹೆಸರಿಗೆ ಅಂಟಿಸಬೇಡಿ, ಯಾವ ಸಾಹೇಬರು ಅಂತ ಕೇಳ್ತಾರೆ. 'ಗಜನಿ' ಹಾಕಿದರೆ ದೋಣಿಯವರು ಇದು ನಮ್ಮದಲ್ಲ ಅಂದ್ಕೋತಾರೆ. 'ಅಘನಾಶಿನಿ' ಉಳಿಸಿಕೊಳ್ಳಿ. ಹೊಳೆ ಹುಟ್ಟೋದು ಶಿರಸಿಯಲ್ಲಿ, ಸಮುದ್ರ ಸೇರೋದು ತದಡಿ ಹತ್ತಿರ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದೇ ಹೆಸರು ಸಾಕು.

ಮೂರು ಹೆಸರು ಆರಿಸಿ, ಸಂಸ್ಥೆಗೆ ಸಂಬಂಧವೇ ಇಲ್ಲದ 20 ಜನರ ಹತ್ತಿರ ಹೋಗಿ. ಮೀನು ಪೇಟೆ, ಬಸ್ ಸ್ಟ್ಯಾಂಡು, ಪಂಚಾಯ್ತಿ ಕಟ್ಟೆ. ಹೆಸರು ಒಮ್ಮೆ ಮಾತ್ರ ಹೇಳಿ 'ಇವರು ಏನು ಮಾಡ್ತಾರೆ ಅನಿಸ್ತದೆ?' ಅಂತ ಕೇಳಿ, ಮೊದಲ ಉತ್ತರ ಹಾಗೇ ಬರ್ಕೊಳ್ಳಿ. ನೀವು ವಿವರಿಸಲಿಕ್ಕೆ ಹೋದರೆ ಪರೀಕ್ಷೆ ಕೆಟ್ಟ ಹಾಗೆ. ಐದು ನಿಮಿಷ ಬಿಟ್ಟು ಹೆಸರು ನೆನಪಿದೆಯಾ ಕೇಳಿ. ಕೊಂಕಣಿ, ಮರಾಠಿ ಮನೆಯವರಿಂದಲೂ ಹೇಳಿಸಿ ನೋಡಿ. 'ಇಷ್ಟ ಆಯ್ತಾ?' ಅಂತ ಮಾತ್ರ ಕೇಳಬೇಡಿ, ಮುಖ ನೋಡಿ ಎಲ್ಲರೂ ಹೌದು ಅಂತಾರೆ.

ಲೆಕ್ಕಪತ್ರ (ಶಿರಸಿ):
ಒಪ್ಪಿದೆ. ನನ್ನ ಕೇಳಿದರೆ ಒಂದು ವರ್ಷ ನೋಂದಣಿ ಮುಟ್ಟಲೇಬೇಡಿ. ಬ್ಯಾನರು, ಕರಪತ್ರಕ್ಕೆ ಚಿಕ್ಕ ಹೆಸರು ದೊಡ್ಡದಾಗಿ, ನೋಂದಾಯಿತ ಹೆಸರು ಕೆಳಗೆ ಸಣ್ಣಕ್ಷರದಲ್ಲಿ. ರಸೀದಿ, ಚೆಕ್ಕು, ಸರ್ಕಾರಿ ಪತ್ರ ಎಲ್ಲ ನೋಂದಾಯಿತ ಹೆಸರಲ್ಲೇ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರೋದು ಬ್ಯಾಂಕ್ ಖಾತೆಯ ಹೆಸರು. ಬೇರೆ ಹೆಸರು ಕಂಡರೆ ದಾನಿ ಮೋಸ ಅಂತ ನಿಲ್ಲಿಸ್ತಾನೆ, ಹಾಗಾಗಿ ಕೋಡಿನ ಕೆಳಗೆ ಆ ಹೆಸರು ಮುದ್ರಿಸಿ.

ಅಳಿವೆ_ದಂಡೆ (ಕುಮಟಾ):
ಹಳೆ ಹೆಸರಲ್ಲಿ ಕೊಟ್ಟ ಆಕ್ಷೇಪಣೆ, ಕೇಸುಗಳ ಕಥೆ?

ಲೆಕ್ಕಪತ್ರ (ಶಿರಸಿ):
ಚಿಕ್ಕ ಹೆಸರು ಬಳಸಿದರೆ ಏನೂ ಮಾಡಬೇಕಿಲ್ಲ. ನೋಂದಣಿಯೇ ಬದಲಾದರೆ, ಹೈಕೋರ್ಟಿನ ಧಾರವಾಡ ಪೀಠದಲ್ಲೋ ಚೆನ್ನೈನ ಹಸಿರು ನ್ಯಾಯಮಂಡಳಿಯಲ್ಲೋ ಕೇಸು ಇದ್ದಲ್ಲಿ ಪಕ್ಷಕಾರರ ಹೆಸರು ತಿದ್ದಲು ವಕೀಲರಿಂದ ಅರ್ಜಿ ಹಾಕಿಸಿ. ಇಲಾಖೆಗಳಿಗೆ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.