ಮದುವೆ ತಡವಾದರೆ ಅದು ವಿಶ್ವಾಸದ ಕೊರತೆಯೇ?

ಪ್ರಶ್ನೆ: ಹೊನ್ನಾವರದ ಶಿಕ್ಷಕಿ
ನನಗೆ 31 ವರ್ಷ. ಭಾನುವಾರ ಪೂಜೆ ಮುಗಿದು ಇಗರ್ಜಿಯ ಮೆಟ್ಟಿಲಿಳಿಯುವಷ್ಟರಲ್ಲಿ ಯಾರಾದರೊಬ್ಬರು ಕೈಹಿಡಿದು, ‘ಬಾಯೆ, ನಿನ್ನದು ಯಾವಾಗ?’ ಎಂದು ಕೇಳುತ್ತಾರೆ. ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂಬ ಬೈಬಲಿನ ಆದಿಕಾಂಡದ ಮಾತನ್ನು ಹಿರಿಯರು ನೆನಪಿಸುತ್ತಾರೆ. ನನಗೆ ಮದುವೆ ಬೇಡವೆಂದೇನಿಲ್ಲ, ಮನಸ್ಸೊಪ್ಪುವ ಸಂಬಂಧ ಕೂಡಿಬಂದಿಲ್ಲ. ಕಾನ್ವೆಂಟ್ ಸೇರಿ ಸಿಸ್ಟರ್ ಆಗುವ ಕರೆಯೂ ನನಗಿಲ್ಲ. ಧರ್ಮಸಭೆಯಲ್ಲಿ ನನ್ನಂಥವರ ಸ್ಥಾನವೇನು?

ಉತ್ತರ 1: ಶಿರಸಿಯಿಂದ
ಸಹೋದರಿ, ಆದಿಕಾಂಡದ ಜೊತೆಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯವನ್ನೂ ಓದಬೇಕು. ಅವಿವಾಹಿತರ ವಿಷಯದಲ್ಲಿ ಪ್ರಭುವಿನ ಆಜ್ಞೆ ತನಗಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೆಯೇ ಆ ಪತ್ರ ಬರೆದ ಸಂತ ಪೌಲನು ತನ್ನ ಅಭಿಪ್ರಾಯ ಹೇಳುತ್ತಾನೆ. ಮದುವೆಯಾದರೆ ಪಾಪವಿಲ್ಲ, ಆಗದವರು ಪ್ರಭುವಿನ ಕಾರ್ಯದಲ್ಲಿ ಏಕಚಿತ್ತರಾಗಿರಬಹುದು ಎನ್ನುತ್ತಾನೆ. ಆತನೇ ಆಜ್ಞೆಯೆನ್ನದ್ದನ್ನು ನಾವು ಮೆಟ್ಟಿಲ ಮೇಲೆ ನಿಂತು ಆಜ್ಞೆ ಮಾಡುವುದು ನ್ಯಾಯವಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1658ನೆಯ ಪರಿಚ್ಛೇದವು, ಬಯಸದೆಯೂ ಒಂಟಿಯಾಗಿ ಉಳಿದವರನ್ನು ವಿಶೇಷವಾಗಿ ಸ್ಮರಿಸಿ, ಕುಟುಂಬಗಳ ಬಾಗಿಲು ಅವರಿಗೆ ತೆರೆದಿರಬೇಕೆಂದು ಕೇಳಿಕೊಳ್ಳುತ್ತದೆ. ತಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ.

ಉತ್ತರ 2: ಕಾರವಾರದಿಂದ
ಮೇಲಿನ ಮಾತು ಒಪ್ಪತಕ್ಕದ್ದೇ. ಆದರೆ ನಮ್ಮ ಕಡೆ ತಡವಾಗುವ ಎಷ್ಟೋ ಮದುವೆಗಳ ಹಿಂದೆ ದೈವಕರೆಯ ವಿಚಾರವೇ ಇರುವುದಿಲ್ಲ, ಖರ್ಚಿನ ಭಯವಿರುತ್ತದೆ. ಹಿಂದೆ ಮದುವೆಗೆ ಮುಂಚಿನ ರೋಸ್ ಎಂದರೆ ಮನೆಯಂಗಳದಲ್ಲಿ ನೆರೆಯ ಹೆಂಗಸರು ಸೇರಿ ತೆಂಗಿನಹಾಲು ಹಿಂಡಿ, ಹಾಡುತ್ತ ಮದುಮಗಳಿಗೆ ಹಚ್ಚುವ ಶಾಸ್ತ್ರವಾಗಿತ್ತು. ಈಗ ಅದಕ್ಕೇ ಬೇರೆ ಹಾಲ್, ಬೇರೆ ಊಟ, ಬ್ಯಾಂಡು. ಇಷ್ಟನ್ನೆಲ್ಲ ಮಾಡಲಾರದ ಹುಡುಗ ಗಲ್ಫಿನಲ್ಲಿ ಇನ್ನೂ ಎರಡು ವರ್ಷ ದುಡಿದು ಬರುತ್ತೇನೆ ಎನ್ನುತ್ತಾನೆ, ಹುಡುಗಿ ಕಾಯುತ್ತಾಳೆ. ಸಂಸ್ಕಾರಕ್ಕೆ ಬೇಕಾದುದು ಇಬ್ಬರ ಮುಕ್ತ ಸಮ್ಮತಿ, ಗುರುಗಳು, ಇಬ್ಬರು ಸಾಕ್ಷಿಗಳು. ಇಂಥ ವಿಳಂಬವನ್ನು ಹಿರಿಯರೇ ತಪ್ಪಿಸಬಲ್ಲರು. ಶಿಕ್ಷಕಿಯವರನ್ನು ಪ್ರಶ್ನಿಸುವ ಬದಲು ಅದನ್ನು ಮಾಡಲಿ.

ಉತ್ತರ 3: ಕುಮಟಾದಿಂದ
ನಾನು ಪ್ರೊಟೆಸ್ಟೆಂಟ್ ಸಭೆಯವಳು. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ, ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ 1525ರಲ್ಲಿ ಮದುವೆಯಾದಂದಿನಿಂದ ನಮ್ಮಲ್ಲಿ ಸಂಸಾರಕ್ಕೇ ಹೆಚ್ಚಿನ ಗೌರವ. ಆದ್ದರಿಂದ ಒಂಟಿ ಹೆಣ್ಣಿಗೆ ನಿಮ್ಮ ಸಿಸ್ಟರುಗಳಿಗಿರುವಂಥ ಮನ್ನಣೆಯೂ ದೊರೆಯುವುದಿಲ್ಲ. ಯುವಜನರ ಕೂಟದ ವಯಸ್ಸು ದಾಟಿದವರು, ದಂಪತಿಗಳ ಕೂಟಕ್ಕೆ ಸೇರದವರು ಎಲ್ಲಿ ಕೂರಬೇಕು? ತಾವು ಗುರುಗಳ ಬಳಿ ಇದನ್ನು ನೇರವಾಗಿ ಕೇಳಿ; ಪಾಲನಾ ಮಂಡಳಿಯಲ್ಲಿ ಅವಿವಾಹಿತರಿಗೂ ಒಂದು ಸ್ಥಾನ ಕೊಡಿರೆಂದು ಕೇಳಲು ಸಂಕೋಚಪಡಬೇಡಿ.