ಹಳೇ ಫೋಟೋ ಪಕ್ಕ ಹೊಸ ಫೋಟೋ ಇಟ್ರೆ ಕಲೆ ಹೇಗಾಗುತ್ತೆ?

ಶ್ರೀನಿಧಿ:
ಚೀನಾದ ಹೈ ಬೋ ಅನ್ನೋ ಫೋಟೋಗ್ರಾಫರ್ ಕೆಲಸ ನೋಡ್ತಿದ್ದೆ. ಸಾಂಸ್ಕೃತಿಕ ಕ್ರಾಂತಿ (1966-76ರಲ್ಲಿ ನಾಯಕ ಮಾವೋ ನಡೆಸಿದ ರಾಜಕೀಯ ಆಂದೋಲನ) ಕಾಲದ ಗ್ರೂಪ್ ಫೋಟೋ ಒಂದನ್ನ ತಗೊಂಡು, 1990ರ ದಶಕದ ಕೊನೇಲಿ ಅದರಲ್ಲಿದ್ದವರನ್ನೇ ಹುಡುಕಿ, ಅದೇ ಸಾಲಲ್ಲಿ ಅದೇ ಜಾಗದಲ್ಲಿ ಕೂರಿಸಿ ಮತ್ತೆ ಫೋಟೋ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ. ಮನಸ್ಸಿಗೆ ತಟ್ಟಿದ್ದು ನಿಜ, ಆದ್ರೆ ನಮ್ಮ ಸ್ಕೂಲ್ ರೀಯೂನಿಯನ್ ಫೋಟೋಗೂ ಇದಕ್ಕೂ ಏನ್ ವ್ಯತ್ಯಾಸ?

ಮಂಜುಳಾ:
ರೀಯೂನಿಯನ್ನಲ್ಲಿ ಬರದವರ ಜಾಗಕ್ಕೆ ನಾವೇ ಸರ್ಕೊಂಡು ನಿಲ್ತೀವಲ್ವಾ, ಹೈ ಬೋ ತೀರಿಹೋದವರ ಜಾಗ ಖಾಲಿ ಬಿಟ್ಟಿದ್ದಾರೆ. ಹಳೇದರಲ್ಲಿ ಎಲ್ರಿಗೂ ಹೆಚ್ಚುಕಮ್ಮಿ ಒಂದೇ ಥರದ ಮಾವೋ ಕೋಟು, ಹೊಸದರಲ್ಲಿ ಒಬ್ಬೊಬ್ರದ್ದು ಒಂದೊಂದು ಬಟ್ಟೆ.

ರಾಘು ಶಿರಸಿ:
ಆ ಖಾಲಿ ಜಾಗಕ್ಕೆ ಅಲ್ಲಿ ಬೇರೆ ಇತಿಹಾಸಾನೇ ಇದೆ. 1976ರ ಸೆಪ್ಟೆಂಬರಲ್ಲಿ ಮಾವೋ ಶೋಕಸಭೆಗೆ ಬೀಜಿಂಗ್‌ನ ತಿಯಾನನ್ಮೆನ್‌ನಲ್ಲಿ ನಾಯಕರೆಲ್ಲ ಸಾಲಾಗಿ ನಿಂತ ಫೋಟೋ, ಮುಂದಿನ ತಿಂಗಳೇ ಮಾವೋ ಹೆಂಡತಿ ಜಿಯಾಂಗ್ ಚಿಂಗ್ ಸೇರಿ ನಾಲ್ವರು ಅರೆಸ್ಟ್ ಆದ್ರು, ಆಮೇಲೆ ಪತ್ರಿಕೇಲಿ ಬಂದ ಅದೇ ಫೋಟೋದಲ್ಲಿ ಆ ನಾಲ್ವರೂ ಮಾಯ, ಸಾಲಿನಲ್ಲಿ ಗ್ಯಾಪ್ ಎದ್ದು ಕಾಣುತ್ತೆ. ಇಂಥ ತಿದ್ದುಪಡಿಗಳನ್ನೇ ಝಾಂಗ್ ದಾಲಿ ಅನ್ನೋ ಕಲಾವಿದ ವರ್ಷಗಟ್ಟಲೆ ಆರ್ಕೈವ್ ಜಾಲಾಡಿ, 'ಎ ಸೆಕೆಂಡ್ ಹಿಸ್ಟರಿ' ಅಂತ ಮೂಲ ಫೋಟೋನೂ ತಿದ್ದಿದ್ದನ್ನೂ ಒಟ್ಟಿಗೇ ತೂಗುಹಾಕಿದ್ರು. ಜನರನ್ನ ಅಳಿಸಿದ್ದಷ್ಟೇ ಅಲ್ಲ, ಹಿನ್ನೆಲೆ ಬದಲಾಯ್ಸಿದ್ದು, ಬಣ್ಣ ಹಚ್ಚಿದ್ದು ಎಲ್ಲಾ ಸಿಗುತ್ತೆ. ಪಕ್ಕಪಕ್ಕ ಇಡೋದೇ ಅಲ್ಲಿ ದೊಡ್ಡ ಧೈರ್ಯದ ಕೆಲಸ ಅನ್ನೋದು ನನ್ನ ಅಭಿಪ್ರಾಯ.

ಶ್ರೀನಿಧಿ:
ಓಹ್, ಈ ಹಿನ್ನೆಲೆ ಗೊತ್ತಿರ್ಲಿಲ್ಲ. ಅಂಥಾ ಕಾಲದಲ್ಲಿ ಯಾರಾದ್ರೂ ನೆಗೆಟಿವ್ ಉಳಿಸಿಟ್ಟಿದ್ರಾ?

ಮಂಜುಳಾ:
ಲಿ ಝೆನ್‌ಶೆಂಗ್! ಹಾರ್ಬಿನ್‌ನಲ್ಲಿ ಹೇಲಾಂಗ್‌ಜಿಯಾಂಗ್ ಡೈಲಿ ಪತ್ರಿಕೆ ಫೋಟೋಗ್ರಾಫರ್. ಕ್ರಾಂತಿ ಬೆಂಬಲಿಗರ ಗುರುತಾದ ಕೆಂಪು ತೋಳುಪಟ್ಟಿ ಕಟ್ಕೊಂಡಿದ್ರಿಂದ ಎಲ್ಲಾ ಕಡೆ ನುಗ್ಗಿ ತೆಗೀಬಹುದಿತ್ತು, ಪತ್ರಿಕೇಲಿ ಹಾಕೋಕಾಗದ ನೆಗೆಟಿವ್‌ಗಳನ್ನ ಮಾತ್ರ ಮನೆಯ ನೆಲದ ಹಲಗೆ ಕೆಳಗೆ ಬಚ್ಚಿಟ್ರು. 1966ರಲ್ಲಿ ರೆಡ್ ಗಾರ್ಡ್ (ಮಾವೋ ಬೆಂಬಲಿಗ ವಿದ್ಯಾರ್ಥಿ ಪಡೆ) ಹುಡುಗ್ರು ಪ್ರಾಂತ್ಯದ ಗವರ್ನರ್ ಕೂದಲನ್ನ ಸಾವಿರಾರು ಜನರ ಮುಂದೆ ಕತ್ತರಿಸಿ ಕಿತ್ತದ್ದು ಅದರಲ್ಲಿದೆ, ಆತನ ಬಗ್ಗಿದ ತಲೆ ನೋಡೋಕಾಗಲ್ಲ. ಲಿ 2020ರಲ್ಲಿ ತೀರ್ಕೊಂಡ್ರು.

ರಾಘು ಶಿರಸಿ:
ಹೈ ಬೋ ಕೆಲಸ ಮನಸ್ಸಿಗೆ ತಟ್ಟಿದ್ರೆ ಕಲಾವಿದ ಶೆಂಗ್ ಚಿ ಅವರನ್ನೂ ನೋಡಿ. 1989ರಲ್ಲಿ ತಿಯಾನನ್ಮೆನ್ ಹತ್ಯಾಕಾಂಡ (ಪ್ರಜಾಪ್ರಭುತ್ವ ಕೇಳಿದ ಪ್ರತಿಭಟನಾಕಾರರ ಮೇಲೆ ಸೇನೆ ಗುಂಡು ಹಾರಿಸಿದ್ದು) ಆದ್ಮೇಲೆ ತನ್ನ ಎಡಗೈ ಕಿರುಬೆರಳನ್ನ ತಾನೇ ಕತ್ತರಿಸಿ, ಹೂಕುಂಡದಲ್ಲಿ ಹೂತು ದೇಶ ಬಿಟ್ಟೋದ್ರು. ವಾಪಸ್ ಬಂದ್ಮೇಲೆ 2000ದಲ್ಲಿ 'ಮೆಮೊರೀಸ್' ಸರಣಿ ಮಾಡಿದ್ರು, ಕೆಂಪು ಹಿನ್ನೆಲೇಲಿ ಅದೇ ಕೈ, ಅಂಗೈಯಲ್ಲಿ ಬಾಲ್ಯದ ಕಪ್ಪುಬಿಳುಪು ಫೋಟೋ, ಇನ್ನೊಂದರಲ್ಲಿ ಅಮ್ಮ, ಮತ್ತೊಂದರಲ್ಲಿ ಮಾವೋ. ಮೊಬೈಲಲ್ಲಿ ನೋಡ್ಬೇಡಿ, ದೊಡ್ಡ ಸ್ಕ್ರೀನಲ್ಲೇ ನೋಡಿ, ಆ ಒಳಗಿನ ಫೋಟೋ ತುಂಬಾ ಪುಟ್ಟದು.